ಪೀಣ್ಯದ ದೋಣಿಗೊಂದು ಅಡುಗೆಕಟ್ಟೆ

ವೈಟ್‌ಫೀಲ್ಡಿನ ನಮ್ಮ ಅಪಾರ್ಟ್‌ಮೆಂಟಿನ ಎದುರಿಗೆ ಹೋದ ತಿಂಗಳು ಒಂದು ರೊಟ್ಟಿ ಅಂಗಡಿ ಶುರುವಾಗಿದೆ. ದೊಡ್ಡದೇನಲ್ಲ. ಒಂದು ಶಟರ್, ಎರಡು ಒಲೆ, ಮೂವರು ಹೆಂಗಸರು. ಬೆಳಿಗ್ಗೆ ಏಳಕ್ಕೆಲ್ಲ ಜೋಳದ ರೊಟ್ಟಿ ಬಡಿಯಲು ಕೂತುಬಿಡುತ್ತಾರೆ. ಪಟ ಪಟ ಪಟ, ಚೂರು ಬಿಡುವು, ಮತ್ತೆ ಪಟ ಪಟ. ಎರಡನೇ ಮಹಡಿಯ ನನ್ನ ಅಡುಗೆಮನೆ ಕಿಟಕಿಗೆ ಆ ಸದ್ದು ನೇರವಾಗಿ ಬಂದು ಬಡಿಯುತ್ತದೆ.

ಕೆಳಗಿನ ಮನೆಯವರೊಬ್ಬರು ಅಸೋಸಿಯೇಷನ್ ಗ್ರೂಪಿನಲ್ಲಿ ಇದು ನ್ಯೂಸೆನ್ಸ್ ಎಂದು ಬರೆದರು. ನಾನು ಬಿಡುತ್ತೇನೆಯೇ? ನಿಮ್ಮ ಮಿಕ್ಸಿ, ನಿಮ್ಮ ಡ್ರಿಲ್ಲು, ನಿಮ್ಮ ಮಗಳ ಕೀಬೋರ್ಡ್ ಕ್ಲಾಸು, ಇವಕ್ಕೆಲ್ಲ ಯಾರಾದರೂ ಏನಾದರೂ ಅಂದಿದ್ದೇವಾ ಎಂದು ಒಂದು ಪುಟದಷ್ಟು ಉತ್ತರ ಕೊಟ್ಟೆ. ನನ್ನ ಗಂಡ ಫೋನ್ ನೋಡಿ, "ಶುರುವಾಯ್ತಾ ನಿನ್ನ ವಕಾಲತ್ತು" ಎಂದ. ಅವನ ಮಾತಿನಲ್ಲಿ ತಪ್ಪಿಲ್ಲ. ನನ್ನ ಬಾಯಿ ಅಂಥದ್ದು. ರೇಷನ್ ಅಂಗಡಿಯ ಸಾಲಿನಲ್ಲಿ, ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಎಲ್ಲಿ ಯಾರಿಗೆ ಅನ್ಯಾಯವಾದರೂ ಅವರಿಗಿಂತ ಮೊದಲು ನಾನೇ ಕೂಗಾಡಿರುತ್ತೇನೆ. ಆದರೆ ಆ ಬಾಯಿ ನಿಜವಾಗಿ ಬೇಕಾಗಿದ್ದ ಒಂದು ದಿನ ಕೈಕೊಟ್ಟಿತು. ರೊಟ್ಟಿ ಬಡಿಯುವ ಸದ್ದು ಕೇಳಿದಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ. ಕೂತುಕೊಳ್ಳಿ, ಹೇಳುತ್ತೇನೆ. ಸ್ವಲ್ಪ ಸುತ್ತಿ ಬಳಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾವು ಪೀಣ್ಯದಲ್ಲಿ ದೋಣಿ ಮಾಡಿದೆವು ಎಂದರೆ ಯಾರೂ ನಂಬುವುದಿಲ್ಲ. "ಅಲ್ಲಿ ನೀರೆಲ್ಲಿದೆ?" ಎಂದು ನಗುತ್ತಾರೆ. ನೀರಿತ್ತು, ವಾರಕ್ಕೆರಡು ಸಲ ಟ್ಯಾಂಕರಿನಲ್ಲಿ ಬರುತ್ತಿತ್ತು. ತುಮಕೂರು ರಸ್ತೆಯುದ್ದಕ್ಕೂ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ ಅದು. ಎರಡನೇ ಹಂತದ ಒಂದು ಗಲ್ಲಿಯಲ್ಲಿ ಗೋಪಾಲಯ್ಯನವರ ಶೆಡ್ ಇತ್ತು. ಹೋಟೆಲಿನ ಅಡುಗೆಮನೆಗೆ ಬೇಕಾದ ಸ್ಟೀಲ್ ಟೇಬಲ್, ಸಿಂಕು, ಆಸ್ಪತ್ರೆಯ ಟ್ರಾಲಿ ಇವನ್ನು ಮಾಡುತ್ತಿದ್ದರು. ನಾನು ಜಾಲಹಳ್ಳಿಯ ಅಪ್ಪನ ಫ್ಯಾಕ್ಟರಿ ಕ್ವಾರ್ಟರ್ಸಿನಿಂದ ದಿನಾ ಬಂದು ಅಲ್ಲಿ ಡ್ರಾಯಿಂಗ್ ಮಾಡುತ್ತಿದ್ದೆ, ಸಾಮಾನು ತರಿಸುತ್ತಿದ್ದೆ. ಅದು ನನ್ನ ಮೂರನೇ ಕೆಲಸ. ಮೊದಲೆರಡನ್ನೂ ಬಾಯಿಯಿಂದಲೇ ಕಳೆದುಕೊಂಡಿದ್ದೆ. ಅಪ್ಪ ರಿಟೈರ್ ಆಗುವುದಕ್ಕೆ ಆರು ತಿಂಗಳಿತ್ತು, ಕ್ವಾರ್ಟರ್ಸ್ ಬಿಡಬೇಕಿತ್ತು. ಅಮ್ಮ ದೇವರ ಮುಂದೆ ನಿಲ್ಲಿಸಿ, "ಈ ಸಲನಾದ್ರೂ ಬಾಯಿಗೆ ಬೀಗ ಹಾಕ್ಕೊಂಡಿರ್ತೀನಿ ಅಂತ ಆಣೆ ಮಾಡು" ಎಂದಳು. ಮಾಡಿದೆ.

ಮೈಸೂರಿನಾಚೆ ಯಾವುದೋ ಹಿನ್ನೀರಿನ ದಡದಲ್ಲಿ ರೆಸಾರ್ಟ್ ಇಟ್ಟಿದ್ದ ಪ್ರಭಾಕರ್ ಎಂಬುವರು ಒಂದು ದಿನ ಬಂದರು. ಆರಡಿಯ ಆಳು, ಮೆಲುಮಾತಿನವರು. ಅತಿಥಿಗಳನ್ನು ಬೆಳಗಿನಿಂದ ಸಂಜೆಯವರೆಗೆ ನೀರಿನ ಮೇಲೆ ಸುತ್ತಾಡಿಸಿ, ಅಲ್ಲೇ ಬಿಸಿ ಊಟ ಹಾಕುವಂಥ ಒಂದು ದೋಣಿ ಬೇಕಿತ್ತು ಅವರಿಗೆ. ದೋಣಿಯ ಒಡಲಿನ ಡ್ರಾಯಿಂಗನ್ನು ಮಂಗಳೂರಿನ ಕಡೆಯ ತಿಳಿದವರೊಬ್ಬರಿಂದ ಮಾಡಿಸಿಕೊಂಡು ಬಂದಿದ್ದರು. "ಅಡುಗೆಮನೆ ಮಾತ್ರ ನೀವೇ ನೋಡ್ಕೊಳ್ಳಿ, ಅದು ನಿಮ್ಮ ಕಸುಬು" ಎಂದು ನಮ್ಮ ಕೈಗೆ ಹಾಕಿದರು.

ಗೋಪಾಲಯ್ಯನವರಿಗೆ ಅದರಲ್ಲಿ ಯೋಚಿಸುವಂಥದ್ದೇನೂ ಕಾಣಲಿಲ್ಲ. "ಅಡುಗೆಕಟ್ಟೆ ಅಂದ್ರೆ ಗ್ರಾನೈಟ್ ಕಣಮ್ಮ. ಜಿಗಣಿಗೆ ಫೋನ್ ಮಾಡಿ ಕರೀ ಕಲ್ಲು ತರ್ಸು" ಎಂದರು. ಬೆಂಗಳೂರಿನಲ್ಲಿ ಮನೆ ಕಟ್ಟಿಸಿದ ಯಾರನ್ನಾದರೂ ಕೇಳಿ, ಇದನ್ನೇ ಹೇಳುತ್ತಾರೆ. ತೇಲುವ ವಸ್ತುವಿನ ಮೇಲೆ ಕಲ್ಲು ಹೇರುವುದೇ ಎಂದು ನನಗೆ ಅನ್ನಿಸದೆ ಇರಲಿಲ್ಲ. ಆದರೆ ಆಣೆ! ಬಾಯಿ ಬಿಗಿದುಕೊಂಡು ಕಲ್ಲು ತರಿಸಿದೆ. ಆರು ಜನ ಉಸಿರು ಕಟ್ಟಿ ಎತ್ತಿ, ದೋಣಿಯ ಎಡಮಗ್ಗುಲಿಗೆ ಕೂರಿಸಿದರು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಗೋಪಾಲಯ್ಯ ಅದರಲ್ಲೇ ಮುಖ ನೋಡಿಕೊಂಡು ತಲೆ ಬಾಚಿದರು.

ದೋಣಿ ಆಗ ಮರದ ದಿಮ್ಮಿಗಳ ಮೇಲೆ ಕೂತಿತ್ತು. ಮಾರನೇ ದಿನ ಬಂದು ನೋಡಿದರೆ ಎಡಗಡೆಯ ದಿಮ್ಮಿ ನೆಲದಲ್ಲಿ ಹೂತು, ಇಡೀ ದೋಣಿ ಒಂದು ಕಡೆ ವಾಲಿಕೊಂಡಿದೆ. ನಮ್ಮ ವೆಲ್ಡರ್ ಸೆಲ್ವ ಸೊಂಟದ ಮೇಲೆ ಕೈಯಿಟ್ಟು ನೋಡಿ, "ಸಾರ್, ನೆಲದ್ ಮೇಲೇ ಹಿಂಗೆ ವಾಲ್ತಾ ಇದೆ. ನೀರಿಗೆ ಬಿಟ್ರೆ ಮಲ್ಕೊಂಡ್ಬಿಡುತ್ತೆ" ಎಂದ. ಕಲ್ಲನ್ನು ಇಳಿಸಿದೆವು. ಅದು ಶೆಡ್ಡಿನ ಬಾಗಿಲಲ್ಲಿ ಟೀ ಕುಡಿಯುವವರಿಗೆ ಕೂರುವ ಜಗಲಿಯಾಯಿತು. ಅಷ್ಟು ಸಿರಿವಂತ ಜಗಲಿ ಪೀಣ್ಯದಲ್ಲಿ ಇನ್ನೊಂದಿರಲಿಲ್ಲ.

ಇನ್ನು ಕಾಶವ್ವನ ವಿಷಯ. ನಮ್ಮ ಶೆಡ್ಡಿಗೆ ಅಂಟಿಕೊಂಡ ತಗಡಿನ ಇಳಿಜಾರಿನ ಕೆಳಗೆ ಕೂತು ಕೆಲಸಗಾರರಿಗೆ ಮಧ್ಯಾಹ್ನದ ರೊಟ್ಟಿ, ಪಲ್ಯ ಮಾಡುತ್ತಿದ್ದವಳು ಅವಳು. ಬಾಗಲಕೋಟೆ ಕಡೆಯವಳು, ನನ್ನದೇ ವಯಸ್ಸು, ಐದಡಿಗೆ ಇನ್ನೂ ಮೂರು ಬೆರಳು ಕಮ್ಮಿ. ಗಂಡ ಭೀಮಪ್ಪ ಬೆಳ್ಳಂದೂರಿನಲ್ಲಿ ಟೆಕ್ ಪಾರ್ಕ್ ಕಟ್ಟುವಾಗ ಸಾರುವೆಯಿಂದ ಬಿದ್ದು ಕಾಲು ಊನ ಮಾಡಿಕೊಂಡಿದ್ದ. ಏಣಿ ಹತ್ತುವ ಹಾಗಿಲ್ಲ, ಭಾರ ಎತ್ತುವ ಹಾಗಿಲ್ಲ. ಹಗಲು ನಮ್ಮ ಗೇಟಿನಲ್ಲಿ ಕೂರುತ್ತಿದ್ದ. ಅವರಿದ್ದ ಶೀಟಿನ ಮನೆಯನ್ನು ಓನರ್ ಗೌಡರು ಕೆಡವಿ ಮೂರು ಅಂತಸ್ತು ಎಬ್ಬಿಸುವವರಿದ್ದರು. ಯುಗಾದಿಯೊಳಗೆ ಖಾಲಿ ಮಾಡಿ ಎಂದಾಗಿತ್ತು.

ಒಂದು ಮಧ್ಯಾಹ್ನ ಕೆಲಸ ನೋಡಲು ಬಂದ ಪ್ರಭಾಕರ್ ಅವಳ ಕೈಯ ರೊಟ್ಟಿ ತಿಂದರು. ಎರಡಲ್ಲ, ನಾಲ್ಕು. ದೋಣಿಯ ಅಡುಗೆಗೆ ಬರುವವರಿಗೆ ದಡದಲ್ಲೇ ಇರಲು ಒಂದು ಕೋಣೆ ಕೊಡುತ್ತೇನೆ ಎಂದು ಅವರು ಹಿಂದೊಮ್ಮೆ ಹೇಳಿದ್ದನ್ನು ಕಾಶವ್ವ ಕೇಳಿಸಿಕೊಂಡಿದ್ದಳು. ನನ್ನ ಸೆರಗು ಹಿಡಿದು ಪಕ್ಕಕ್ಕೆ ಎಳೆದು, "ಅಕ್ಕಾರ, ಆ ದೋಣ್ಯಾಗಿನ ಅಡಗಿ ನನಗ ಕೊಡಸ್ರಿ. ಇವ್ರು ಹಗ್ಗ ಕಟ್ಟೂದು ಬಿಚ್ಚೂದು ಮಾಡ್ತಾರ. ಕುಂತ ಮಾಡೂ ಕೆಲಸ ಇವ್ರಿಗೆ ಮತ್ತೆಲ್ಲಿ ಸಿಗತೈತ್ರಿ?" ಎಂದಳು. ನಾನು ಪ್ರಭಾಕರ್‌ಗೆ ಹೇಳಿದೆ. ಇಂಥ ಮಾತಿಗೆ ಆಣೆ ಅಡ್ಡ ಬರಲಿಲ್ಲ ನೋಡಿ. ಅವರು, "ಕಟ್ಟೆ ಮುಗೀಲಿ. ಅದರ ಮೇಲೆ ಒಂದು ಊಟ ಮಾಡಿ ತೋರಿಸ್ಲಿ, ನೋಡೋಣ" ಎಂದರು.

ಅಲ್ಲಿಂದ ಕಾಶವ್ವನೇ ನಮ್ಮ ಪರೀಕ್ಷಕಿ. ಕಟ್ಟೆಗೆ ಯಾವ ಸಾಮಾನು ಎಂದು ನಾನು ತುಂಡುಗಳನ್ನು ತರಿಸಿ ಕಟ್ಟೆಯ ಸ್ಟೀಲ್ ಕಾಲುಗಳ ಮೇಲೆ ಇಡುವುದು, ಅವಳು ಅದರ ಮೇಲೆ ಒಂದು ರೊಟ್ಟಿ ಬಡಿದು ತೀರ್ಪು ಕೊಡುವುದು. ಬರೀ ಸ್ಟೀಲ್ ತಗಡಿಗೆ, "ಇದು ಒದರ್ತೈತ್ರಿ, ಕಿವಿ ಹೋಗ್ತಾವ" ಎಂದಳು. ಪ್ಲೈವುಡ್ಡಿಗೆ ಸನ್‌ಮೈಕಾ ಅಂಟಿಸಿದ್ದಕ್ಕೆ, "ಹೊಟ್ಟಿ ಖಾಲಿ ಐತಿ ಇದರದು" ಎಂದಳು. ಆ ತುಂಡನ್ನು ನಾನು ನೀರಿನ ಡ್ರಮ್ಮಿನಲ್ಲಿ ನಾಲ್ಕು ದಿನ ಮುಳುಗಿಸಿಟ್ಟೆ. ಅಂಚೆಲ್ಲ ಪೂರಿಯ ಹಾಗೆ ಉಬ್ಬಿಕೊಂಡಿತು. ಕೊನೆಗೆ ಹಲಸಿನ ಮರದ ದಪ್ಪ ಹಲಗೆಯೊಂದು ಸಿಕ್ಕಿತು. ಕಾಶವ್ವ ಹಿಟ್ಟಿನ ಉಂಡೆ ಇಟ್ಟು ಎರಡು ಏಟು ಹಾಕಿದಳು, ಕೈ ನಿಲ್ಲಿಸಿದಳು, ಹಲಗೆಯನ್ನೊಮ್ಮೆ ಸವರಿದಳು. "ಇದು ಕೈ ಮಾತ ಕೇಳ್ತೈತ್ರಿ" ಎಂದಳು. ಪಾಲಿಟೆಕ್ನಿಕ್ಕಿನ ಮೂರು ವರ್ಷದ ಡಿಪ್ಲೊಮಾದಲ್ಲಿ ನನಗೆ ಯಾರೂ ಹೇಳಿಕೊಡದ ಪರೀಕ್ಷೆ ಅದು.

ಒಲೆಯ ಸುತ್ತ ಸ್ಟೀಲ್, ಉಳಿದದ್ದಕ್ಕೆ ಹಲಸು ಎಂದಾಯಿತು. ದೋಣಿ ಓಲಾಡಿದರೆ ಪಾತ್ರೆ ಜಾರಬಾರದೆಂದು ಸುತ್ತ ಎರಡು ಬೆರಳೆತ್ತರದ ಅಂಚು, ಒರೆಸಿದ ನೀರು ಹೋಗಲು ಒಂದು ಮೂಲೆಯಲ್ಲಿ ಮಾತ್ರ ಸಂದು, ಆಯ ತಪ್ಪಿ ಬಿದ್ದವರಿಗೆ ತಾಗದ ಹಾಗೆ ಮೂಲೆಗಳೆಲ್ಲ ದುಂಡಗೆ. ಹಲಗೆಯನ್ನು ನೋಡಿಕೊಳ್ಳುವ ಜವಾಬ್ದಾರಿಯನ್ನು ಕಾಶವ್ವ ಯಾರೂ ಹೇಳದೆಯೇ ವಹಿಸಿಕೊಂಡಳು. ಕೆಲಸ ಮುಗಿದ ಮೇಲೆ ಅಂಟಿದ ಹಿಟ್ಟನ್ನು ಚಮಚದ ಅಂಚಿನಿಂದ ಕೆರೆದು, ಉಪ್ಪು ಹಾಕಿ ಹಿಂಡಿದ ನಿಂಬೆ ಹೋಳಿನಿಂದ ಉಜ್ಜಿ, ತಕ್ಷಣ ಒಣಬಟ್ಟೆಯಲ್ಲಿ ಒರೆಸುವುದು. ಶನಿವಾರ ಊರಿಂದ ತರಿಸಿದ ಅಗಸೆ ಎಣ್ಣೆಯನ್ನು ಕೂಸಿನ ಮೈಗೆ ಹಚ್ಚುವ ಹಾಗೆ ಅಂಗೈಯಿಂದ ತಿಕ್ಕುವುದು. ನಾನೊಮ್ಮೆ ಒದ್ದೆ ಬಟ್ಟೆಯನ್ನು ಹಲಗೆಯ ಮೇಲೆ ಮರೆತು ಹೋದೆ. "ಅಕ್ಕಾರ, ನಿಮ್ಮನಿ ಕಲ್ಲಲ್ರಿ ಇದು, ಕರೆ ಬೀಳ್ತೈತಿ" ಎಂದು ಬೈಸಿಕೊಂಡೆ. ಬೈಸಿಕೊಳ್ಳುವುದು ನನಗೆ ಹೊಸ ಅನುಭವ, ಸಾಮಾನ್ಯವಾಗಿ ಬೈಯುವವಳು ನಾನು.

ಓಲಾಟದ ಪರೀಕ್ಷೆ ಮಾಡಲು ನೀರು ಎಲ್ಲಿಂದ ತರುವುದು? ಸೆಲ್ವ ಒಂದು ಉಪಾಯ ಮಾಡಿದ. ಲಾರಿಯ ನಾಲ್ಕು ಟ್ಯೂಬುಗಳಿಗೆ ಗಾಳಿ ತುಂಬಿ, ಅದರ ಮೇಲೆ ಒಂದು ಅಟ್ಟಣೆ ಇಟ್ಟು, ಅಟ್ಟಣೆಯ ಮೇಲೆ ಕಟ್ಟೆ, ಒಲೆ, ಕಾಶವ್ವ. ಸುತ್ತ ನಾಲ್ಕು ಜನ ಹಿಡಿದು ತೂಗುವುದು. ಅಕ್ಕಪಕ್ಕದ ಶೆಡ್ಡಿನವರೆಲ್ಲ ಬಂದು ನಿಂತು ನಗುತ್ತಿದ್ದರು. ಸಾರಿನ ಪಾತ್ರೆ ಜಾರಿ ಬಂದು ಅಂಚಿಗೆ ತಾಗಿ ನಿಂತಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಕಾಶವ್ವನ ಕಾಲ ಕೆಳಗಿಂದ ಏನೋ ಉರುಳಿ, ಅವಳು ಹಿಂದಕ್ಕೆ ವಾಲಿದಳು. ಕೈ ಇನ್ನೇನು ಕಾದ ಹಂಚಿಗೆ ತಾಗಬೇಕು, ಸೆಲ್ವ ರಟ್ಟೆ ಹಿಡಿದುಕೊಂಡ.

ಉರುಳಿದ್ದು ಇಟ್ಟಿಗೆ. ಒಂದರ ಪಕ್ಕ ಒಂದು ಇಟ್ಟಿಗೆ ಇಟ್ಟುಕೊಂಡು ಅವಳು ಅಷ್ಟು ದಿನವೂ ಅದರ ಮೇಲೆ ನಿಂತೇ ರೊಟ್ಟಿ ಬಡಿದಿದ್ದಳು. ನಾನು ತುಂಡು ತುಂಡು ಮರ ನೋಡಿದೆ, ಅವಳ ಕೈ ನೋಡಿದೆ, ಕಾಲು ನೋಡಿರಲಿಲ್ಲ. ಕಟ್ಟೆಯ ಎತ್ತರ ಮೂವತ್ನಾಲ್ಕು ಇಂಚು. ಅದನ್ನು ಬರೆದವಳು ನಾನೇ. ಹೋಟೆಲಿಗೂ ಅದೇ, ಆಸ್ಪತ್ರೆಗೂ ಅದೇ, ದೋಣಿಗೂ ಅದೇ ಬರೆದಿದ್ದೆ. "ಹೇಳ್ಬಾರದಾ ಕಾಶವ್ವ?" ಎಂದರೆ, "ನೀವು ಓದಿದವ್ರು ಬರದದ್ದಲ್ರಿ, ಏನರ ಲೆಕ್ಕ ಇರ್ತೈತಿ ಅನ್ಕೊಂಡ್ನಿ" ಎಂದಳು. ನಾಚಿಕೆಯಾಯಿತು. ರೊಟ್ಟಿ ಬಡಿಯುವುದು ತೋಳಿನಿಂದಲ್ಲ, ಇಡೀ ಮೈಭಾರದಿಂದ. ಕಟ್ಟೆ ಎತ್ತರವಾದರೆ ಹೆಗಲಲ್ಲೇ ಎತ್ತಿ ಎತ್ತಿ ಬಡಿಯಬೇಕು. ಇಟ್ಟಿಗೆಯ ಮೇಲೆ ನಿಂತರೆ ನೀರಿನಲ್ಲಿ ಗತಿಯೇನು?

ಅವಳ ಮೊಣಕೈಯಿಂದ ಅಳೆದೆ. ಮೂವತ್ತು ಸಾಕಿತ್ತು. ಸೆಲ್ವನಿಗೆ ಕಟ್ಟೆಯ ಕಾಲುಗಳನ್ನು ನಾಲ್ಕು ಇಂಚು ಕತ್ತರಿಸು ಎಂದೆ. "ಸಾರ್‌ಗೆ ಹೇಳಿದೀರಾ ಮೇಡಂ?" ಎಂದ. "ನಾನ್ ಹೇಳ್ತೀನಿ, ನೀನ್ ಕತ್ತರಿಸು" ಎಂದೆ. ಕತ್ತರಿಸಿದ. ಹೇಳುವುದು ಮಾತ್ರ ಆಗಲಿಲ್ಲ. ಗೋಪಾಲಯ್ಯ ಆ ವಾರ ಇನ್ನೊಂದು ಕೆಲಸ ತಡವಾಗಿ ಉರಿಯುತ್ತಿದ್ದರು. ನಾಳೆ ಹೇಳೋಣ, ನಾಳೆ ಹೇಳೋಣ ಎಂದು ಮೂರು ದಿನ ತಳ್ಳಿದೆ. ನಾಲ್ಕನೇ ದಿನ, ಮೊದಲೇ ಹೇಳಿದ್ದ ಊಟದ ಪರೀಕ್ಷೆಗೆ, ಪ್ರಭಾಕರ್ ಬಂದುಬಿಟ್ಟರು.

ಕಾಶವ್ವ ಹೊಸದೆನ್ನುವಂಥ ಸೀರೆ ಉಟ್ಟುಕೊಂಡು, ಕಟ್ಟೆಗೆ ಬೆಳಿಗ್ಗೆಯೇ ಎಣ್ಣೆ ತಿಕ್ಕಿ, ಹಿಟ್ಟು ಕಲಸಿ ಕಾಯುತ್ತಿದ್ದಳು. ಭೀಮಪ್ಪ ಗೇಟು ಬಿಟ್ಟು ಬಂದು ಬಾಗಿಲ ಹತ್ತಿರ ನಿಂತಿದ್ದ. ಪ್ರಭಾಕರ್ ಕಟ್ಟೆಯ ಮುಂದೆ ನಿಂತು ಕೈಯಿಟ್ಟರು, ಬೆನ್ನು ಬಗ್ಗಿತು. "ಇದೇನ್ರೀ ಗೋಪಾಲಯ್ಯ, ಮಕ್ಕಳ ಆಟದ ಅಡುಗೆಮನೆ ಥರ ಇದೆ?" ಎಂದರು, ನಗುತ್ತಲೇ. ಗೋಪಾಲಯ್ಯ ಟೇಪ್ ಹಿಡಿದರು. ಕೈಯಲ್ಲಿದ್ದ ಡ್ರಾಯಿಂಗ್ ನೋಡಿದರು. ಮತ್ತೆ ಟೇಪ್ ಹಿಡಿದರು.

"ಯಾರ್ ಇಳಿಸಿದ್ದು ಇದನ್ನ?"

ಸೆಲ್ವ ನನ್ನನ್ನು ನೋಡಿದ. ನಾನು ಡ್ರಾಯಿಂಗಿನ ಹಾಳೆ ನೋಡಿದೆ. ಅಮ್ಮನ ಮುಖ, ಅಪ್ಪ ಖಾಲಿ ಮಾಡಬೇಕಾದ ಕ್ವಾರ್ಟರ್ಸು, ಎರಡು ಸಲ ಕೈಗೆ ಬಂದಿದ್ದ ರಿಲೀವಿಂಗ್ ಲೆಟರು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಎರಡೇ ಪದ, 'ನಾನೇ ಸಾರ್'. ಬರಲಿಲ್ಲ. ಬೇಡದ ಕಡೆಯೆಲ್ಲ ಹರಿದಾಡಿದ ನಾಲಿಗೆ ಅವತ್ತು ಸತ್ತು ಬಿದ್ದಿತ್ತು.

"ನಾನಽ ಹೇಳಿದ್ನಿರಿ ಸಾಹೇಬ್ರ" ಎಂದಳು ಕಾಶವ್ವ. "ನನಗ ಎತ್ತರಾಗಿತ್ತು. ನಿಂತ ಬಡಿಯಾಕ ಬರ್ತಿದ್ದಿಲ್ಲ. ನಾನಽ ಇಳಸ್ರಿ ಅಂದೆ."

"ರೊಟ್ಟಿ ಮಾಡೋಳು ಡ್ರಾಯಿಂಗ್ ತಿದ್ದೋ ಹಾಗಾಯ್ತಾ ನಮ್ಮ ಶೆಡ್ನಲ್ಲಿ?" ಎಂದು ಗೋಪಾಲಯ್ಯ ಕೂಗಿದರು. ಪ್ರಭಾಕರ್ ಅವರನ್ನು ಸಮಾಧಾನ ಮಾಡಿದರು. ಊಟ ಮಾಡಿದರು, ಚೆನ್ನಾಗಿದೆ ಎಂದರು. ಕೈ ತೊಳೆದು ಬಂದು, "ಕಟ್ಟೆ ಮೊದಲಿದ್ದಷ್ಟೇ ಎತ್ತರ ಮಾಡ್ಬಿಡಿ. ಅಡುಗೆಗೆ ಹೋಟೆಲ್‌ನಲ್ಲಿ ಪಳಗಿದವನೊಬ್ಬನನ್ನ ಇಡ್ತೀನಿ. ಈಯಮ್ಮ ಅವನ ಕೈಕೆಳಗೆ ಬರ್ಲಿ, ಕೋಣೆ ಕೊಡೋಣ" ಎಂದರು. ಕಾಶವ್ವ ಕೈಮುಗಿದಳು. ಭೀಮಪ್ಪ ಬಾಗಿಲಲ್ಲೇ ಕಣ್ಣೊರೆಸಿಕೊಂಡ. ಕತ್ತರಿಸಿದ್ದ ಅದೇ ನಾಲ್ಕಿಂಚಿನ ತುಂಡುಗಳನ್ನು ಸೆಲ್ವ ಮತ್ತೆ ಕಾಲಿಗೆ ವೆಲ್ಡ್ ಮಾಡಿದ. ಕೆಲಸವೂ ಕೋಣೆಯೂ ಸಿಕ್ಕಿತಲ್ಲ, ಇನ್ನೇನು ಎಂದು ನಾನು ನನಗೇ ಸಮಾಧಾನ ಹೇಳಿಕೊಂಡೆ. ದೋಣಿಯನ್ನು ಲಾರಿಯ ಮೇಲೆ ಹೇರಿ ಅವರಿಬ್ಬರೂ ಹೊರಟ ದಿನ ಅವಳ ಮುಖ ನೋಡಲಾಗದೆ ಸ್ಟೋರಿನಲ್ಲಿ ಸುಮ್ಮನೆ ಬೋಲ್ಟುಗಳನ್ನು ಆಚೀಚೆ ಮಾಡುತ್ತ ನಿಂತಿದ್ದೆ. ಅವಳೇ ಹುಡುಕಿಕೊಂಡು ಬಂದು ಭೀಮಪ್ಪನ ನಂಬರ್ ಕೊಟ್ಟು ಹೋದಳು.

ಎಂಟು ವರ್ಷವಾಯಿತು. ಫೋನ್ ನಾಲ್ಕು ಬದಲಾದವು, ಆ ನಂಬರ್ ಒಂದರಿಂದ ಇನ್ನೊಂದಕ್ಕೆ ಸಾಗಿಬಂತು. ಮಾಡಲಿಲ್ಲ. ಗೋಪಾಲಯ್ಯನವರ ಶೆಡ್ಡು ಬಿಟ್ಟು, ಮದುವೆಯಾಗಿ, ಊರಿನ ಈ ತುದಿಗೆ ಬಂದ ಮೇಲೂ ಮಾಡಲಿಲ್ಲ. ಹೋದ ಭಾನುವಾರ ಗ್ರೂಪಿನಲ್ಲಿ ನನ್ನ ಉದ್ದನೆಯ ಉತ್ತರಕ್ಕೆ ಯಾರೋ 'ವೆಲ್ ಸೆಡ್ ಮೇಡಂ' ಎಂದು ಹಾಕಿದರು. ಅದನ್ನು ನೋಡಿ ನನ್ನ ಮೇಲೆ ನನಗೇ ಅಸಹ್ಯವಾಯಿತು. ಆ ಕ್ಷಣವೇ ನಂಬರ್ ಒತ್ತಿದೆ.

ಭೀಮಪ್ಪ ಎತ್ತಿಕೊಂಡು ಅವಳಿಗೆ ಕೊಟ್ಟ. ನನ್ನ ದನಿ ಅವಳಿಗೆ ಕೂಡಲೇ ಗೊತ್ತಾಯಿತು. ಹೋಟೆಲಿನವನು ಎರಡು ತಿಂಗಳಿಗೇ ಬಿಟ್ಟು ಹೋದನಂತೆ, ನೀರಿನ ಮೇಲೆ ಅವನಿಗೆ ತಲೆ ಸುತ್ತುತ್ತಿತ್ತಂತೆ. ಆಗಿಂದ ಅಡುಗೆಯೆಲ್ಲ ಇವಳದೇ. ಹಲಗೆ ಹಾಗೇ ಇದೆಯಂತೆ, ಒಂದು ಸೀಳಿಲ್ಲ, ಒಂದು ಕಲೆಯಿಲ್ಲ.

"ಎತ್ತರ?" ಎಂದೆ.

"ಅಷ್ಟಽ ಐತ್ರಿ. ಕಾಲ ಬುಡಕ ಬ್ಯಾರೆ ಹಲಿಗಿ ಹಾಕ್ಕೊಂಡು ಅದರ ಮ್ಯಾಲ ನಿಂದರ್ತೀನಿ."

"ದೋಣಿ ಓಲಾಡಿದ್ರೆ?"

"ಒಮ್ಮಿ ಬಿದ್ನಿರಿ. ಎಡಗೈ ಮುರೀತು. ಕೂಡೇತಿ, ಸ್ವಲ್ಪ ಸೊಟ್ಟ ಕೂಡೇತಿ. ಈಗ ರೊಟ್ಟಿ ಮೊದಲಿನಷ್ಟು ಅಗಲ ಆಗಂಗಿಲ್ಲ ನೋಡ್ರಿ."

ಸುಮ್ಮನೆ ಹೇಳಿದಳು, ಹವಾಮಾನ ಹೇಳುವ ಹಾಗೆ. ನನಗೆ ಅಳು ಬಂತು. "ಕಾಶವ್ವ, ಅವತ್ತು ನಾನು ಹೇಳಬೇಕಿತ್ತು. ನಾನೇ ಇಳಿಸಿದ್ದು ಅಂತ" ಎಂದೆ.

"ನಿಮಗ ಕೆಲಸ ಇತ್ರಿ ಅಕ್ಕಾರ, ಹೇಳಿದ್ರ ಹೋಗ್ತಿತ್ತು. ನಂದು ಇನ್ನಾ ಬಂದಽ ಇದ್ದಿಲ್ಲ, ಹೋಗೂದೇನಿತ್ತು?" ಎಂದಳು.

ಎಂಟು ವರ್ಷ ನಾನು ಹೊತ್ತು ತಿರುಗಿದ್ದನ್ನು ಅವಳು ಅವತ್ತು ಅಲ್ಲಿ ನಿಂತ ನಿಲುವಿನಲ್ಲೇ ಲೆಕ್ಕ ಹಾಕಿ ಮುಗಿಸಿದ್ದಳು. ಪ್ರಭಾಕರ್ ಅಲ್ಲಿದ್ದಾರಾ ಎಂದು ಕೇಳಿದೆ. ದಡದ ಮೇಲೇ ಇದ್ದಾರೆ ಎಂದಳು. ಫೋನ್ ಕೊಡು ಎಂದೆ. "ಯಾಕ್ರಿ, ಬ್ಯಾಡ್ರಿ, ಹೆಂಗೋ ನಡದೈತಿ" ಎಂದಳು. ಕೊಡು ಕಾಶವ್ವ ಎಂದು ಗೋಗರೆದೆ. ಹೆಜ್ಜೆಯ ಸದ್ದು, ನೀರಿನ ಸದ್ದು, ಆಮೇಲೆ ಅದೇ ಮೆಲುದನಿ ಬಂತು. ನಾನು ಯಾರೆಂದು ಹೇಳಿದೆ. ಆ ಕಟ್ಟೆಯ ಕಾಲನ್ನು ನಾಲ್ಕು ಇಂಚು ಕತ್ತರಿಸಬೇಕು, ವೆಲ್ಡ್ ಮಾಡಿದ ಗುರುತು ಕಾಣುತ್ತದೆ, ಅಲ್ಲೇ ಕತ್ತರಿಸಿದರೆ ಸಾಕು ಎಂದೆ. ಯಾಕೆಂದು ಹೇಳಿದೆ. ಅವಳ ಕೈಯ ವಿಷಯ ಹೇಳಿದೆ.

"ನಾಲ್ಕೇ ಇಂಚಾ? ನಾಳೇನೇ ಮಾಡಿಸ್ತೀನಮ್ಮ" ಎಂದರು. ನಿಜವಾಗಿಯೂ ನೊಂದುಕೊಂಡ ದನಿ. "ಆದ್ರೂ ಈಯಮ್ಮ ಒಂದ್ ಮಾತು ಹೇಳ್ಬಾರದಿತ್ತಾ? ಎಂಟು ವರ್ಷದಲ್ಲಿ ಒಂದ್ ಸಲ ಬಾಯಿ ಬಿಟ್ಟಿದ್ರೆ ಅವತ್ತೇ ಕತ್ತರಿಸ್ತಿದ್ನಲ್ಲ."

"ಹೇಳಿದ್ರು ಸಾರ್" ಎಂದೆ. "ಪೀಣ್ಯದಲ್ಲಿ, ನಿಮ್ಮೆದುರಿಗೇ ಹೇಳಿದ್ರು. ಬಾಯಿ ಬಿಡದೇ ಇದ್ದೋಳು ನಾನು."